ಮುಖ ಸವೆದ ಬೆಳ್ಳಿ ರೂಪಾಯಿ: ಡಿಟೆಕ್ಟರ್ ಹಿಡಿಯುವ ಮುನ್ನ, ನಾಣ್ಯ ಸಿಕ್ಕ ಮೇಲೆ

ಬೆಳ್ಳಿ ಕೆ.ಜಿ.ಗೆ ಲಕ್ಷ ರೂಪಾಯಿ ದಾಟಿದ ಮೇಲೆ ಅಜ್ಜಿಯ ಪೆಟ್ಟಿಗೆಯ ವಿಕ್ಟೋರಿಯಾ ರಾಣಿ ಛಾಪಿನ ಬೆಳ್ಳಿ ರೂಪಾಯಿಗೆ ಹೊಸ ಮರ್ಯಾದೆ ಬಂದಿದೆ. ಅದರ ಜತೆಗೇ ಮೆಟಲ್ ಡಿಟೆಕ್ಟರ್ ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತಿದೆ. ತೋಟದಲ್ಲಿ, ಹಳೇ ಕಣದ ಜಾಗದಲ್ಲಿ, ಪಾಳುಬಿದ್ದ ಲೈನ್ ಮನೆಗಳ ಸುತ್ತ ಒಂದು ಸುತ್ತು ಹೊಡೆದರೆ ಏನಾದರೂ ಸಿಗಬಹುದು ಎಂಬ ಕುತೂಹಲ ಸಹಜ. ಸಿಗುವುದು ಸಾಮಾನ್ಯವಾಗಿ ಫಳಫಳ ಹೊಳೆಯುವ ನಾಣ್ಯವಲ್ಲ. ಎರಡೂ ಬದಿ ನುಣುಪಾದ, ಕಪ್ಪೋ ಬೂದಿಯೋ ತಿಳಿಯದ ಬಣ್ಣದ ಬಿಲ್ಲೆ. ಅಂಥ ಬಿಲ್ಲೆಯನ್ನು ಯಂತ್ರ ಹೇಗೆ ಪತ್ತೆ ಮಾಡುತ್ತದೆ, ಯಾವ ಕಾಲದ್ದೆಂದು ಹೇಗೆ ಗುರುತಿಸಬೇಕು, ಕೈಗೆ ಬಂದ ಮೇಲೆ ಏನು ಮಾಡಬೇಕು ಎಂಬುದರ ವಿವರ ಇಲ್ಲಿದೆ.

ಮೊದಲು ಕಾನೂನು, ಆಮೇಲೆ ಯಂತ್ರ

ಈ ಹವ್ಯಾಸದ ವಿಡಿಯೊಗಳು ಹೆಚ್ಚಾಗಿ ಬರುವುದು ಬ್ರಿಟನ್, ಅಮೆರಿಕದಿಂದ. ಅಲ್ಲಿಯ ರೂಢಿ ನೋಡಿ ಇಲ್ಲಿ ಗುದ್ದಲಿ ಹಾಕಿದರೆ ಕೇಸು ಮೈಮೇಲೆ ಬರುತ್ತದೆ.

1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಅಡಗಿರುವ ಬೆಲೆಯುಳ್ಳ ಯಾವುದೇ ವಸ್ತು ‘ನಿಧಿ’. ಕೊಪ್ಪರಿಗೆ ತುಂಬ ಹೊನ್ನೇ ಇರಬೇಕೆಂದಿಲ್ಲ. ಅದರ ಬೆಲೆ ಹತ್ತು ರೂಪಾಯಿ ಮೀರಿದರೆ, ಸಿಕ್ಕವರು ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎನ್ನುತ್ತದೆ ಆ ಕಾಯ್ದೆ: ಏನು ಸಿಕ್ಕಿತು, ಅಂದಾಜು ಬೆಲೆ ಎಷ್ಟು, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು. ವಸ್ತುವನ್ನು ಹತ್ತಿರದ ಸರ್ಕಾರಿ ಖಜಾನೆಯಲ್ಲಿ ಒಪ್ಪಿಸಬೇಕು, ಇಲ್ಲವೇ ಅದಕ್ಕೆ ಭದ್ರತೆ ಕೊಡಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಬಂದಿದೆ. ಹಾಗಾಗಿ ಸದ್ಯದ ವಿಧಿವಿಧಾನವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದೇ ಸರಿ. ಜಮೀನು ನಿಮ್ಮದೇ ಆಗಿದ್ದರೂ ಈ ಕಾನೂನಿನಿಂದ ವಿನಾಯಿತಿ ಇಲ್ಲ.

ಎರಡನೆಯದು ಸ್ಮಾರಕಗಳ ಕಾಯ್ದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪುರಾತತ್ವದ ಅಗೆತಕ್ಕೆ ಪರವಾನಗಿ ಬೇಕೇ ಬೇಕು. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ, ಶ್ರವಣಬೆಳಗೊಳ, ಅಮೃತಪುರ ಇವೆಲ್ಲ ನಮ್ಮ ಹಾಸನ, ಚಿಕ್ಕಮಗಳೂರು ಎರಡೇ ಜಿಲ್ಲೆಗಳೊಳಗಿವೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿವೆ. ಬೋರ್ಡಿಲ್ಲದ ಪಾಳು ಗುಡಿ, ವೀರಗಲ್ಲು, ಮಾಸ್ತಿಕಲ್ಲುಗಳ ಹತ್ತಿರವೂ ಯಂತ್ರ ತೆಗೆಯಲೇಬಾರದು. ನಿಧಿಗಳ್ಳರು ಲಿಂಗ ಕಿತ್ತು ಗುಂಡಿ ತೋಡಿದ್ದನ್ನು ಊರವರು ಕಂಡಿರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ನೆಲ ಸವರುವವನನ್ನು ಅವರು ಅದೇ ಸಾಲಿಗೆ ಸೇರಿಸುವುದರಲ್ಲಿ ತಪ್ಪೇನಿಲ್ಲ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯ, ಹೇಮಾವತಿ ಹಿನ್ನೀರಿನ ದಂಡೆ, ಕೆರೆ ಅಂಗಳ ಯಾವುದೂ ಖಾಸಗಿ ಜಾಗವಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಶೆಟ್ಟಿಹಳ್ಳಿ ಚರ್ಚಿನ ಸುತ್ತ ನೆಲ ಬಯಲಾದಾಗ ಆಸೆಯಾಗುತ್ತದೆ, ನಿಜ. ಆದರೂ ಅದು ಸರ್ಕಾರದ ಜಾಗ.

ಉಳಿಯುವುದು ನಿಮ್ಮ ಸ್ವಂತ ಜಮೀನು, ಅಥವಾ ಮಾಲೀಕರು ಬರೆದುಕೊಟ್ಟ ಅನುಮತಿ ಇರುವ ತೋಟ. ಅನುಮತಿ ಪತ್ರದಲ್ಲಿ ಸರ್ವೆ ನಂಬರ್, ದಿನಾಂಕ, ಸಿಕ್ಕಿದ್ದನ್ನು ಇಬ್ಬರೂ ಸೇರಿ ವರದಿ ಮಾಡುತ್ತೇವೆ ಎಂಬ ಒಂದು ಸಾಲು ಇರಲಿ.

ಯಂತ್ರಕ್ಕೆ ಬೆಳ್ಳಿ ಹೇಗೆ ಗೊತ್ತಾಗುತ್ತದೆ

ಡಿಟೆಕ್ಟರಿನ ತಳದ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಈ ತಟ್ಟೆಗೇ ಕಾಯಿಲ್ ಎನ್ನುತ್ತಾರೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಆ ಕ್ಷೇತ್ರ ಲೋಹಕ್ಕೆ ತಾಗಿದಾಗ ಲೋಹದ ಮೇಲ್ಮೈಯಲ್ಲಿ ಸಣ್ಣ ವಿದ್ಯುತ್ ಪ್ರವಾಹಗಳು ಸುತ್ತತೊಡಗುತ್ತವೆ. ಅವು ತಮ್ಮದೇ ಪುಟ್ಟ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಎರಡನೇ ಸುರುಳಿ ಅದನ್ನು ಹಿಡಿಯುತ್ತದೆ.

ಬೆಳ್ಳಿ, ಕಬ್ಬಿಣ ಎಂಬ ಭೇದ ಗೊತ್ತಾಗುವುದು ಈ ಮಾರುತ್ತರ ಎಷ್ಟು ತಡವಾಗಿ ಬರುತ್ತದೆ ಎಂಬುದರಿಂದ. ಗುಡಿಯ ಕಂಚಿನ ಗಂಟೆ ಬಡಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ, ತಗಡಿನ ಡಬ್ಬ ಬಡಿದರೆ ಸದ್ದು ಅಲ್ಲೇ ಸಾಯುತ್ತದೆ. ವಿದ್ಯುತ್ತನ್ನು ಎಲ್ಲ ಲೋಹಗಳಿಗಿಂತ ಚೆನ್ನಾಗಿ ಹರಿಯಬಿಡುವ ಬೆಳ್ಳಿಯಲ್ಲಿ ಆ ಪ್ರವಾಹ ಹೆಚ್ಚು ಹೊತ್ತು ಉಳಿಯುತ್ತದೆ. ಯಂತ್ರ ಆ ತಡವನ್ನೇ ಒಂದು ಅಂಕಿಯಾಗಿ ತೋರಿಸುತ್ತದೆ. 0ಯಿಂದ 99ರ ಮಾಪಕವಿರುವ ಯಂತ್ರಗಳಲ್ಲಿ ಪೂರಾ ಬೆಳ್ಳಿ ರೂಪಾಯಿ ಸಾಮಾನ್ಯವಾಗಿ 80ರ ಮೇಲೆ ಬರುತ್ತದೆ.

ಅಂಕಿ ಲೋಹದ ಹೆಸರನ್ನು ಹೇಳುವುದಿಲ್ಲ ಎಂಬುದು ನೆನಪಿರಲಿ. ಗಾತ್ರ, ದಪ್ಪ ಎರಡೂ ಲೆಕ್ಕಕ್ಕೆ ಬರುತ್ತವೆ. ಎರಡಾಣೆಯ ತೆಳು ಬೆಳ್ಳಿ ಬಿಲ್ಲೆ ರೂಪಾಯಿಗಿಂತ ಕೆಳಗಿನ ಅಂಕಿ ಕೊಡುತ್ತದೆ. ಸ್ಪ್ರಿಂಕ್ಲರ್ ಪೈಪಿನ ಅಲ್ಯೂಮಿನಿಯಂ ತುಂಡು, ಮೋಟರಿನ ತಾಮ್ರದ ತಂತಿ ಬೆಳ್ಳಿಯಷ್ಟೇ ಜೋರಾಗಿ ಕೂಗುತ್ತವೆ. ಮಲೆನಾಡಿನ ತೋಟಗಳಲ್ಲಿ ಇನ್ನೊಂದು ಕಾಟ ಕೋವಿಯ ತೋಟಾದ ಹಿತ್ತಾಳೆ ತಳ. ಅಗೆದ ಗುಂಡಿಗಳಲ್ಲಿ ಹೆಚ್ಚಿನವು ಇವಕ್ಕೇ ಹೋಗುತ್ತವೆ ಎಂದುಕೊಂಡೇ ಹೊರಡುವುದು ಒಳ್ಳೆಯದು.

ನಮ್ಮ ಕೆಂಪು ಮಣ್ಣಿನ ತಕರಾರು

ಪುಸ್ತಕದಲ್ಲಿ 25 ಸೆಂ.ಮೀ. ಆಳ ಎಂದು ಬರೆದ ಯಂತ್ರ ಚಿಕ್ಕಮಗಳೂರಿನ ಗುಡ್ಡದ ಮೇಲೆ ಅದರ ಅರ್ಧಕ್ಕೂ ಇಳಿಯದೇ ಇರಬಹುದು. ಕಾರಣ ಮಣ್ಣಿನಲ್ಲಿರುವ ಕಬ್ಬಿಣ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಮ್ಯಾಗ್ನೆಟೈಟ್ ಅದಿರು ತೆಗೆದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಅಂಥ ನೆಲದ ಮಣ್ಣೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ನಾಣ್ಯದ ಸಣ್ಣ ಸದ್ದು ಆ ಗದ್ದಲದಲ್ಲಿ ಮುಳುಗುತ್ತದೆ.

ಪರೀಕ್ಷೆ ಸುಲಭ. ಒಣಮಣ್ಣನ್ನು ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ದಟ್ಟವಾಗಿ ಅಂಟಿದರೆ ಅಲ್ಲಿ ಯಂತ್ರ ತೊಂದರೆ ಕೊಡುತ್ತದೆ. ಆಗ ಮಾಡಬೇಕಾದ್ದು ಮೂರು. ಮೊದಲಿಗೆ ನೆಲದ ಹೊಂದಾಣಿಕೆ, ಅಂದರೆ ಗ್ರೌಂಡ್ ಬ್ಯಾಲೆನ್ಸ್. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ನೆಲದಿಂದ 3 ಸೆಂ.ಮೀ.ನಿಂದ 30 ಸೆಂ.ಮೀ.ವರೆಗೆ ಮೇಲೆ ಕೆಳಗೆ ಆಡಿಸುತ್ತ, ಸದ್ದು ಏರಿಳಿಯದೆ ಒಂದೇ ಸಮ ಆಗುವವರೆಗೆ ಯಂತ್ರದ ಗುಂಡಿ ಒತ್ತಿ ಹಿಡಿಯಬೇಕು. ಮಣ್ಣಿನ ಬಣ್ಣ ಬದಲಾದ ಕಡೆಯೆಲ್ಲ ಇದನ್ನು ಮತ್ತೆ ಮಾಡಬೇಕು. ಎರಡನೆಯದು, ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸದೆ ಮೂರರಲ್ಲಿ ಎರಡು ಪಾಲಿಗೆ ಇಳಿಸುವುದು. ಕಮ್ಮಿ ಮಾಡಿದರೆ ಆಳ ಹೋಗುತ್ತದೆ ಅನ್ನಿಸುತ್ತದೆ, ಆದರೆ ಗದ್ದಲ ತಗ್ಗಿದ್ದರಿಂದ ಇನ್ನಷ್ಟು ಆಳದ ನಾಣ್ಯ ಕೇಳಿಸುವುದೇ ಹೆಚ್ಚು. ಮೂರನೆಯದು, 11 ಇಂಚಿನ ಕಾಯಿಲ್ ತೆಗೆದು 6 ಇಂಚಿನದ್ದು ಹಾಕುವುದು. ಸಣ್ಣ ಕಾಯಿಲ್ ಒಂದೇ ಸಲಕ್ಕೆ ಕಡಿಮೆ ಮಣ್ಣನ್ನು ನೋಡುತ್ತದೆ. ಮೊಳೆಗಳ ನಡುವೆ ಬಿದ್ದಿರುವ ನಾಣ್ಯವನ್ನು ಬೇರ್ಪಡಿಸಿ ಹೇಳುವುದೂ ಅದೇ.

ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ, ಎರಡು ಮೂರು ಸೆಂ.ಮೀ. ಎತ್ತರದಲ್ಲಿ ಬೀಸಬೇಕು. ತುದಿಯಲ್ಲಿ ಎತ್ತಿಬಿಡುವುದು ಎಲ್ಲರೂ ಮಾಡುವ ತಪ್ಪು. ಸಿಗ್ನಲ್ ಬಂದರೆ ಅದೇ ಜಾಗವನ್ನು 90 ಡಿಗ್ರಿ ತಿರುಗಿ ಇನ್ನೊಮ್ಮೆ ಸವರಿ. ಎರಡೂ ಕಡೆಯಿಂದ ಅದೇ ಸದ್ದು, ಹೆಚ್ಚುಕಮ್ಮಿ ಅದೇ ಅಂಕಿ ಬಂದರೆ ದುಂಡನೆಯ ವಸ್ತು ಇರಬಹುದು. ಒಂದು ಕಡೆಯಿಂದ ಬೆಳ್ಳಿಯ ಸದ್ದು, ಇನ್ನೊಂದು ಕಡೆಯಿಂದ ಗೊರಗೊರ ಎಂದರೆ ಎತ್ತಿನ ಲಾಳವೋ ಗಾಡಿ ಚಕ್ರದ ಪಟ್ಟಿಯ ತುಂಡೋ ಆಗಿರುತ್ತದೆ. ದೊಡ್ಡ ಕಬ್ಬಿಣ ಬೆಳ್ಳಿಯಂತೆ ನಟಿಸುತ್ತದೆ.

ಅಗೆಯುವಾಗ ತೋಟದ ಗತಿ ನೋಡಿಕೊಳ್ಳಬೇಕು. ಕಾಫಿ ಗಿಡದ ಆಹಾರ ಹೀರುವ ಬೇರುಗಳು ಮೇಲಿನ ಒಂದು ಅಡಿಯೊಳಗೇ ಹರಡಿರುತ್ತವೆ. ಗಿಡದ ಬುಡದಲ್ಲಿ ಗುದ್ದಲಿ ಬೀಳಕೂಡದು. ಒಂದು ಗೇಣಿನ ಕೈಸಲಿಕೆ ಸಾಕು. ಮೂರು ಬದಿ ಕೊಯ್ದು, ನಾಲ್ಕನೇ ಬದಿಯಲ್ಲಿ ಮಣ್ಣಿನ ಹೆಂಟೆಯನ್ನು ಮಡಚಿ, ಕೆಲಸ ಮುಗಿದ ಮೇಲೆ ಹಾಗೇ ಮುಚ್ಚಿ ತುಳಿಯಿರಿ. ಕಾಳುಮೆಣಸಿನ ಸೊರಗು ರೋಗ ಮಣ್ಣಿನ ಮೂಲಕ ಹರಡುತ್ತದೆ. ರೋಗ ಬಿದ್ದ ಬಳ್ಳಿಯ ಪಕ್ಕ ಆಡಿಸಿದ ಸಲಿಕೆ, ಅದೇ ಬೂಟು ಇನ್ನೊಂದು ತೋಟಕ್ಕೆ ಹೋಗಬಾರದು. ಹೂಮಳೆ ಬಿದ್ದು ನೆಲ ಮೆತ್ತಗಾದ ದಿನಗಳು ಅಗೆಯಲು ಹದ. ಜೋರು ಮಳೆಗಾಲದಲ್ಲಿ ಮನೆಯಲ್ಲಿರುವುದೇ ಮೇಲು.

ಯಾವ ಬೆಳ್ಳಿ ಸಿಗುವ ಸಾಧ್ಯತೆ ಹೆಚ್ಚು

ಹೊಯ್ಸಳರ ನಾಡಲ್ಲವೇ, ಹೊಯ್ಸಳರ ಬೆಳ್ಳಿ ಸಿಗಬಹುದು ಎಂಬ ನಿರೀಕ್ಷೆ ಬೇಡ. ಆ ಕಾಲದ ಶಾಸನಗಳಲ್ಲಿ ಬರುವ ಗದ್ಯಾಣ, ಹೊನ್ನು, ಹಣ ಎಲ್ಲ ಚಿನ್ನದ ಲೆಕ್ಕ. ದಕ್ಷಿಣದಲ್ಲಿ ಬೆಳ್ಳಿಯ ಬಳಕೆ ಕಡಿಮೆ. ವಿಜಯನಗರದ ಬೆಳ್ಳಿ ‘ತಾರ’ ಉಗುರಿನಷ್ಟೂ ಇಲ್ಲ. ಕೆಂಪು ಮಣ್ಣಿನಲ್ಲಿ ಹೆಚ್ಚಿನ ಯಂತ್ರಗಳಿಗೆ ಅದು ಕೇಳಿಸುವುದೇ ಕಷ್ಟ. ಟಿಪ್ಪುವಿನ ಕಾಲದ ಬೆಳ್ಳಿ ರೂಪಾಯಿಗೆ ‘ಇಮಾಮಿ’ ಎಂದು ಹೆಸರು, ಎರಡು ರೂಪಾಯಿಯದ್ದಕ್ಕೆ ‘ಹೈದರಿ’. ಅವುಗಳಲ್ಲಿ ಮುಖಚಿತ್ರವಿಲ್ಲ, ಎರಡೂ ಬದಿ ಪರ್ಷಿಯನ್ ಬರಹ ಮಾತ್ರ.

ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಸಂತೆಯಲ್ಲಿ, ಕಂದಾಯ ಕಟ್ಟುವಲ್ಲಿ, ತೋಟದ ಬಟವಾಡೆಯಲ್ಲಿ ಓಡಾಡಿದ್ದು ಈಸ್ಟ್ ಇಂಡಿಯಾ ಕಂಪನಿಯ ಮತ್ತು ಬ್ರಿಟಿಷ್ ಸರ್ಕಾರದ ರೂಪಾಯಿ. ಮಂಜರಾಬಾದ್ (ಈಗಿನ ಸಕಲೇಶಪುರ) ಸೀಮೆಯಲ್ಲಿ ಯುರೋಪಿನ ಪ್ಲಾಂಟರುಗಳು ಕಾಫಿ ಹಾಕಲು ತೊಡಗಿದ್ದೂ ಅದೇ ದಶಕದಲ್ಲಿ. ಹೀಗಾಗಿ ತೋಟದ ಮಣ್ಣಿನಲ್ಲಿ ಸಿಗುವ ಸವೆದ ಬೆಳ್ಳಿಯಲ್ಲಿ ರಾಣಿ ಛಾಪಿನದ್ದೇ ಮುಂದು. 1862ರ ಇಸವಿಯ ರೂಪಾಯಿಯಂತೂ ರಾಶಿ ರಾಶಿ. ಅದೇ ಇಸವಿಯನ್ನು ಬದಲಿಸದೆ 1874ರವರೆಗೂ ಅಚ್ಚು ಹಾಕಿದರು.

ವಿಕ್ಟೋರಿಯಾ ರೂಪಾಯಿ 1941ರ ಮಾರ್ಚ್ ಕೊನೆಗೆ ಚಲಾವಣೆಯಿಂದ ಹೋಯಿತು. ಏಳನೇ ಎಡ್ವರ್ಡನದು 1942ರ ಮೇ ಕೊನೆಗೆ, ಐದನೇ ಜಾರ್ಜನದು 1943ರ ಮೇ ಕೊನೆಗೆ. ಅಂದರೆ 1862ರ ಒಂದು ರೂಪಾಯಿ ಎಂಬತ್ತು ವರ್ಷದ ಹತ್ತಿರ ಕೈಯಿಂದ ಕೈಗೆ ಸಾಗಿರಬಹುದು. ಮುಖ ಸವೆಯದೆ ಏನು ಮಾಡೀತು?

ಮುಖವಿಲ್ಲದ ನಾಣ್ಯದ ಗುರುತು

ಬೇಕಾದ ಸಾಮಾನು ಮೂರೇ: 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಫೋನಿನ ಟಾರ್ಚ್.

ತೂಕವೇ ದೊಡ್ಡ ಸಾಕ್ಷಿ. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅಡ್ಡಳತೆ 30 ಮಿ.ಮೀ.ಗಿಂತ ತುಸು ಹೆಚ್ಚು. ಎಂಟಾಣೆ 5.83 ಗ್ರಾಂ, 24 ಮಿ.ಮೀ. ಪಾವಲಿ, ಅಂದರೆ ನಾಲ್ಕಾಣೆ, 2.92 ಗ್ರಾಂ, ಸುಮಾರು 20 ಮಿ.ಮೀ. ಎರಡಾಣೆ 1.46 ಗ್ರಾಂ, ಸುಮಾರು 15.5 ಮಿ.ಮೀ. ಎಲ್ಲವೂ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. 1906ರ ನಾಣ್ಯ ಕಾಯ್ದೆ ರೂಪಾಯಿಗೆ ಶೇ 2ರಷ್ಟು ತೂಕನಷ್ಟವನ್ನು ಮನ್ನಿಸುತ್ತಿತ್ತು. ಅಂದರೆ ಸುಮಾರು 11.43 ಗ್ರಾಂವರೆಗೆ ಅದು ಕಾನೂನಿನ ಹಣ. ನಿಮ್ಮ ತಕ್ಕಡಿ 11.2 ತೋರಿಸಿದರೆ ಹೆದರಬೇಡಿ, ಅದು ಸವೆದ ಹಣವೇ ಇರಬಹುದು. ಆದರೆ 10.5ಕ್ಕೆ ಇಳಿದರೆ ಬರೀ ಕೈ ಸವೆತ ಎನ್ನುವುದು ಕಷ್ಟ. ಅಂಚು ಕತ್ತರಿಸಿರಬಹುದು, ಇಲ್ಲವೇ ನಕಲಿ.

ಮುಂದೆ ಅಂಚು. ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡ ರೂಪಾಯಿಗೆ ಅಂಚಿನ ಒಂದು ಕಡೆ ಬೆಸುಗೆಯ ಗಂಟು ಉಳಿದಿರುತ್ತದೆ. ಚಿನಿವಾರರು ಬೆಳ್ಳಿ ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆಗಳು ಮುಖದ ನುಣುಪಿನ ಮೇಲೆ ಕುಳಿಯಂತೆ ಕಾಣುತ್ತವೆ. ಅದನ್ನು ಹಾನಿ ಎಂದು ತಿಳಿಯಬೇಡಿ, ನಾಣ್ಯ ಓಡಾಡಿದ ದಾರಿಯ ದಾಖಲೆ ಅದು. 1940ರಿಂದ ಬಂದ ಆರನೇ ಜಾರ್ಜನ ರೂಪಾಯಿಯ ಗೆರೆಯಂಚಿನ ನಡುವೆ ಒಂದು ತೋಡು ಸುತ್ತಿಕೊಂಡಿರುತ್ತದೆ. ಅದರಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ.

ಆಮೇಲೆ ಓರೆ ಬೆಳಕು. ಕೋಣೆ ಕತ್ತಲು ಮಾಡಿ, ನಾಣ್ಯವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೇ ಮಲಗಿಸಿ ಬೆಳಕು ಬಿಡಿ. ಮೇಲಿಂದ ನೋಡುತ್ತ ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಬೆರಳಿಗೆ ಸಿಗದ ಉಬ್ಬು ಕೂಡ ಉದ್ದ ನೆರಳು ಚೆಲ್ಲುತ್ತದೆ. ಮೊದಲು ಕಾಣಿಸುವುದು ಕೊರಳು ಮತ್ತು ಬೆನ್ನಿನ ಗೆರೆ, ಏಕೆಂದರೆ ಕೆನ್ನೆ, ಕೂದಲು, ಕಿರೀಟ ಎತ್ತರದಲ್ಲಿದ್ದು ಮೊದಲೇ ಸವೆದಿರುತ್ತವೆ. ಎಂಟು ದಿಕ್ಕಿನ ಬೆಳಕಿನಲ್ಲಿ ಎಂಟು ಫೋಟೊ ತೆಗೆದು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕಣ್ಣಿಗೆ ತಪ್ಪಿದ್ದು ಸಿಗುತ್ತದೆ.

ಈಗ ಮುಖ ಯಾವ ಕಡೆ ನೋಡುತ್ತಿದೆ ಎಂದು ಗಮನಿಸಿ. ವಿಕ್ಟೋರಿಯಾ, ಐದನೇ ಜಾರ್ಜ್, ಆರನೇ ಜಾರ್ಜ್ ಮೂವರೂ ಎಡಕ್ಕೆ. ನಾಲ್ಕನೇ ವಿಲಿಯಂ, ಏಳನೇ ಎಡ್ವರ್ಡ್ ಬಲಕ್ಕೆ, ಇಬ್ಬರ ತಲೆಯ ಮೇಲೂ ಕಿರೀಟವಿಲ್ಲ. ಬಲಕ್ಕೆ ತಿರುಗಿದ ಬೋಳು ತಲೆ ಕಂಡರೆ ಹಿಂಬದಿ ನೋಡಿ: ರಿಬ್ಬನ್ ಕಟ್ಟಿದ ಎಲೆಗಳ ಹಾರ ಇದ್ದರೆ 1835ರ ವಿಲಿಯಂ, ಮೇಲೆ ಕಿರೀಟ ಇದ್ದು ಎರಡೂ ಪಕ್ಕ ತಾವರೆಯ ದಂಟು ಇದ್ದರೆ 1903ರಿಂದ 1910ರ ಎಡ್ವರ್ಡ್. ಎಡಕ್ಕೆ ತಿರುಗಿದ್ದು ರಾಣಿಯ ತಲೆಯಾಗಿದ್ದು, ನಾಣ್ಯದ ಹಿಂಬದಿಯಲ್ಲಿ ಎಲೆಹಾರವಿದ್ದರೆ 1840ರ ಕಂಪನಿ ರಾಣಿ. ಸುತ್ತ ಹೂಬಳ್ಳಿಯ ಸುರುಳಿಗಳಿದ್ದರೆ 1862ರಿಂದ ಈಚಿನ ರಾಣಿ.

ಪಾವಲಿಯಷ್ಟೇ ಗಾತ್ರವಿದ್ದು, ಅಂಚು ದುಂಡಗಿಲ್ಲದೆ, ದಪ್ಪಗಿದ್ದು, 3.3 ಗ್ರಾಂ ದಾಟಿ ತೂಗಿದರೆ ಕೈ ಬಿಗಿಹಿಡಿಯಿರಿ. ರೋಮನ್ ‘ದಿನಾರಿಯಸ್’ ಸುಮಾರು ಅದೇ ತೂಕದ್ದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅವುಗಳ ರಾಶಿಯೇ ಸಿಕ್ಕಿತ್ತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಚೌಕಾಕಾರ, ಮೂಲೆ ಕತ್ತರಿಸಿದ ತೆಳು ತುಂಡಿನ ಮೇಲೆ ಸೂರ್ಯನಂಥ ಬಿಡಿ ಚಿಹ್ನೆಗಳಿದ್ದರೆ ಅದು ಎರಡು ಸಾವಿರ ವರ್ಷಕ್ಕೂ ಹಳೆಯ ಮುದ್ರಾಂಕಿತ ನಾಣ್ಯ. ಇಂಥದ್ದು ಒಂದು ಸಿಕ್ಕರೂ ಅಲ್ಲಿಗೆ ಅಗೆತ ನಿಲ್ಲಬೇಕು. ಆಳ ಎಷ್ಟು, ಪಕ್ಕದಲ್ಲಿ ಮಡಕೆ ಚೂರಿತ್ತೇ, ಬೂದಿ ಇತ್ತೇ ಎಂಬ ವಿವರ ಪುರಾತತ್ವದವರಿಗೆ ನಾಣ್ಯದಷ್ಟೇ ಮುಖ್ಯ. ಗುಂಡಿ ಕೆದಕಿದ ಮೇಲೆ ಅದನ್ನು ಯಾರೂ ಮರಳಿ ಕೊಡಲಾರರು.

ತೊಳೆಯುವ ಆತುರ

ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಮೂರೂ ಬೇಡ. ದೀಪದ ಕಂಬಕ್ಕೆ ಸರಿ, ಸವೆದ ನಾಣ್ಯಕ್ಕೆ ಅಲ್ಲ. ಉಳಿದಿರುವ ಉಬ್ಬು ಕೂದಲೆಳೆಯಷ್ಟು. ಒಂದು ಸಲ ಉಜ್ಜಿದರೆ ಇದ್ದಬದ್ದ ಅಕ್ಷರವೂ ಹೋಗುತ್ತದೆ.

ಕಪ್ಪು ಪದರ ಗಂಧಕದಿಂದ ಬಂದದ್ದು, ಅದರಿಂದ ತೊಂದರೆಯಿಲ್ಲ. ಹಸಿರು ಬಣ್ಣ ಮಿಶ್ರಣದಲ್ಲಿದ್ದ ತಾಮ್ರ ಹೊರಬಂದದ್ದು. ಮೇಣದಂಥ, ನೇರಳೆ ಬೂದು ಬಣ್ಣದ ಪೊರೆ ಕಂಡರೆ ಅದು ಬೆಳ್ಳಿಯ ಕ್ಲೋರೈಡ್, ಅಂದರೆ ಬೆಳ್ಳಿಯೇ ಕರಗಿ ರೂಪ ಬದಲಿಸಿದ್ದು. ಕಾಫಿ, ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರ ಹೆಚ್ಚಾಗಿ ಪೊಟ್ಯಾಷಿಯಂ ಕ್ಲೋರೈಡ್. ವರ್ಷಗಟ್ಟಲೆ ಗೊಬ್ಬರ ಬಿದ್ದ ತೋಟದಲ್ಲಿ ಈ ಪೊರೆ ಕಟ್ಟಲು ಅನುಕೂಲ ಜಾಸ್ತಿ. ಅದನ್ನು ಕೆರೆದರೆ ಅಚ್ಚಿನ ಗುರುತೂ ಪೊರೆಯ ಜತೆಗೇ ಎದ್ದು ಬರುತ್ತದೆ.

ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಸಿ, ನೀರು ಬದಲಿಸಿ, ಮತ್ತೆ ನೆನೆಸಿ. ಮಣ್ಣು ತಾನೇ ಬಿಡುತ್ತದೆ. ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಒರೆಸಬೇಡಿ. ರಬ್ಬರ್ ಬ್ಯಾಂಡ್, ಮೆತ್ತನೆಯ ಪಿವಿಸಿ ಕವರು ಎರಡೂ ಬೆಳ್ಳಿಗೆ ಆಗದವು.

ಬೆಲೆ ಮತ್ತು ಬಣ್ಣದ ಮಾತು

ಸವೆಯದ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ. ಬೆಳ್ಳಿ ಕೆ.ಜಿ.ಗೆ ಲಕ್ಷವಿದ್ದರೆ ಲೋಹದ ಬೆಲೆ 1,069 ರೂಪಾಯಿ, ಎರಡು ಲಕ್ಷವಿದ್ದರೆ ಅದರ ದುಪ್ಪಟ್ಟು. ಮುಖ ಸವೆದ 1862ರ ರೂಪಾಯಿಗೆ ಇದಕ್ಕಿಂತ ಬಹಳ ಹೆಚ್ಚು ಕೊಡುವ ಸಂಗ್ರಾಹಕರು ವಿರಳ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ.

ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರು ಮೋಸಗಾರರು. ಅಕ್ಕಿ ಸೆಳೆಯುವ ‘ರೈಸ್ ಪುಲ್ಲಿಂಗ್’ ನಾಣ್ಯವೂ ಅದೇ ಜಾತಿ. ರಾಮ, ಸೀತೆ, ಹನುಮಂತನ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ಬಿಲ್ಲೆಗಳನ್ನು ಕಂಪನಿ ಅಚ್ಚು ಹಾಕಿಸಿಯೇ ಇಲ್ಲ. 1947ರ ರೂಪಾಯಿ ನೋಡಲು ಬೆಳ್ಳಿಯಂತಿದ್ದರೂ ಅದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಿ ಅಂಟುವುದಿಲ್ಲ.

ಅಂಟದ ಬಿಲ್ಲೆ ಬೆಳ್ಳಿಯೇ ಎಂದು ತಿಳಿಯಲು ಸಾಂದ್ರತೆ ನೋಡಬೇಕು. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣತೂಕವನ್ನು ಭಾಗಿಸಿ. 11.50 ಗ್ರಾಂ ರೂಪಾಯಿಗೆ 1.11 ಬಂದರೆ ಸಾಂದ್ರತೆ 10.36, ಅದು ಹಳೇ ಬೆಳ್ಳಿ. 1.21ರ ಹತ್ತಿರ ಬಂದರೆ ಅರ್ಧ ಬೆಳ್ಳಿಯದ್ದು. 1.3 ದಾಟಿದರೆ ಜರ್ಮನ್ ಸಿಲ್ವರ್‌ನಂಥ ಬೆಳ್ಳಿಯಿಲ್ಲದ ಮಿಶ್ರಲೋಹ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ನೀರಿಗೆ ಪಾತ್ರೆ ಸೋಪಿನ ಒಂದು ಹನಿ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಎರಡಾಣೆಗೆ ಈ ಪರೀಕ್ಷೆ ಹಿಡಿಸದು: ಅಲ್ಲಿ ಬರುವ ಅಂಕಿಯೇ 0.14 ಗ್ರಾಂ, ತಕ್ಕಡಿ 0.01 ತಪ್ಪಿದರೂ ಉತ್ತರ ಶೇ 7ರಷ್ಟು ಆಚೀಚೆ ಹೋಗುತ್ತದೆ.